ಗ್ರಿಂಡೆಲ್ವಾಲ್ಡ್‌ಗೆ ಹೋದವರು ಅಲ್ಲಿನ ಕಾಲುದಾರಿಗೂ ಒಂದು ದಿನ ಕೊಡಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಎರಡು ವಾರಗಳ ಹಿಂದೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡ್ ಪ್ರವಾಸದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಯುಂಗ್‌ಫ್ರೌಯೋಖ್‌ಗೆ ಏರುವ ರೈಲು, ಮೇಲಿನ ಮಂಜುಗಡ್ಡೆಯ ಗುಹೆ, ಅಲ್ಲಿಯೇ ದೊರೆಯುವ ಭಾರತೀಯ ಊಟ, ಇಂಟರ್‌ಲಾಕೆನ್ ಪೇಟೆಯ ಗಡಿಯಾರದ ಅಂಗಡಿಗಳು, ಇವೆಲ್ಲವನ್ನೂ ಲೇಖಕರು ಚೆನ್ನಾಗಿ ವರ್ಣಿಸಿದ್ದಾರೆ. ಹೊಸದಾಗಿ ಹೋಗುವವರಿಗೆ ಅದರಿಂದ ಉಪಯೋಗವೂ ಆಗುತ್ತದೆ. ಆದರೆ ಆ ಪರ್ವತಗಳ ಬುಡದಲ್ಲಿರುವ ಗ್ರಿಂಡೆಲ್ವಾಲ್ಡ್ ಎಂಬ ಊರಿನ ಹೆಸರು ಇಡೀ ಲೇಖನದಲ್ಲಿ ಒಂದೇ ಸಲ, ಅದೂ ರೈಲಿನಿಂದ ಇಳಿದು ಕೇಬಲ್ ಕಾರ್ ಹತ್ತುವ ಜಾಗವಾಗಿ ಬಂದಿದೆ. ಆ ಊರಿನ ಸುತ್ತ ಕಾಲುದಾರಿಗಳ ದೊಡ್ಡ ಜಾಲವೇ ಇದೆ ಎಂಬುದಾಗಲಿ, ಅವುಗಳ ಮೇಲೆ ನಡೆಯಲು ಯಾರಿಗೂ ಯಾವ ಟಿಕೆಟ್ಟೂ ಬೇಕಿಲ್ಲ ಎಂಬುದಾಗಲಿ ಎಲ್ಲಿಯೂ ಕಾಣಲಿಲ್ಲ. ಕರ್ನಾಟಕದಿಂದ ಅಲ್ಲಿಗೆ ಹೋಗಿಬಂದವರಲ್ಲಿ ನಾನು ಬಲ್ಲ ಬಹುತೇಕರು ಆ ದಾರಿಗಳಲ್ಲಿ ನೂರು ಹೆಜ್ಜೆಯನ್ನೂ ಇಡದೆ ಮರಳಿದ್ದಾರೆ. ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಹೋದಾಗ ನನಗೂ ಯಾರೂ ಹೇಳಿರಲಿಲ್ಲ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಿಮನದಿ ಕೊರೆದ ಕಣಿವೆಯ ಚಿತ್ರವನ್ನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ನಿಜವಾದ ಹಿಮನದಿಯೊಂದನ್ನು ಮಾತ್ರ ಕಂಡಿರಲಿಲ್ಲ. ನಿವೃತ್ತಿಯಾದ ವರ್ಷ, ಮೇ ತಿಂಗಳಿನಲ್ಲಿ, ನಮ್ಮ ಯಜಮಾನರೂ ನಾನೂ ಒಂದು ಪ್ರವಾಸ ಸಂಸ್ಥೆಯ ಜೊತೆ ಹೊರಟೆವು. ಅದಕ್ಕೆಂದು ಕೂಡಿಟ್ಟ ಹಣವನ್ನೆಲ್ಲ ಕೊಟ್ಟಿದ್ದೆವು. ಗ್ರಿಂಡೆಲ್ವಾಲ್ಡ್‌ನಲ್ಲಿ ಬಸ್ಸು ನಿಂತದ್ದು ನಲವತ್ತು ನಿಮಿಷ; ಅದರಲ್ಲಿ ಅರ್ಧ ಹೊತ್ತು ಶೌಚಾಲಯದ ಸಾಲಿನಲ್ಲಿ ಕಳೆಯಿತು. ಊರಿನ ಹಿಂದೆಯೇ ಹಸಿರು ಇಳಿಜಾರಿನಲ್ಲಿ ಒಂದು ಸಣ್ಣ ದಾರಿ ಸುತ್ತಿಕೊಂಡು ಮೇಲೇರುತ್ತಿತ್ತು, ಅದರ ತುದಿಯಲ್ಲಿ ಯಾರೋ ಇಬ್ಬರು ವಯಸ್ಸಾದವರು ಕೋಲೂರಿಕೊಂಡು ಹೋಗುತ್ತಿದ್ದರು. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮಾರ್ಗದರ್ಶಕರನ್ನು ಕೇಳಿದೆ. ಅದು ನಮ್ಮ ಕಾರ್ಯಕ್ರಮದಲ್ಲಿ ಇಲ್ಲವೆಂದೂ, ನಮ್ಮವರು ನಡೆಯುವುದಿಲ್ಲವೆಂದೂ ಅವರು ಹೇಳಿದರು. ಆ ಮಾತು ನನ್ನ ಮನಸ್ಸಿನಲ್ಲಿ ಮೂರು ವರ್ಷ ಕುಳಿತಿತ್ತು. ಮೂರು ವರ್ಷದ ಮೇಲೆ, ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋದಾಗ, ಸೆಪ್ಟೆಂಬರ್ ತಿಂಗಳಿನಲ್ಲಿ ನಾವಿಬ್ಬರೇ ಅಲ್ಲಿಗೆ ಹೋಗಿ ಒಂಬತ್ತು ದಿನ ಉಳಿದೆವು.

ಇಂಟರ್‌ಲಾಕೆನ್‌ನಿಂದ ಹೊರಟ ರೈಲು ಸ್ವಲ್ಪ ದೂರದಲ್ಲೇ, ಎರಡು ಹೊಳೆಗಳು ಕೂಡುವ ಒಂದು ಚಿಕ್ಕ ನಿಲ್ದಾಣದಲ್ಲಿ ಎರಡು ತುಂಡಾಗುತ್ತದೆ. ಒಂದು ಭಾಗ ಬಿಳಿ ಲ್ಯೂಟ್ಶಿನೆ ಹೊಳೆಯ ಗುಂಟ ಲೌಟರ್‌ಬ್ರುನೆನ್‌ಗೆ ಹೋದರೆ, ಇನ್ನೊಂದು ಕಪ್ಪು ಲ್ಯೂಟ್ಶಿನೆಯ ಗುಂಟ ಗ್ರಿಂಡೆಲ್ವಾಲ್ಡ್‌ಗೆ ಏರುತ್ತದೆ. ಈ ರೈಲು 1890ರಿಂದ ಓಡುತ್ತಿದೆ. ಊರು ಸಮುದ್ರ ಮಟ್ಟದಿಂದ 1034 ಮೀಟರ್ ಎತ್ತರದಲ್ಲಿದೆ. ನಿಲ್ದಾಣದಿಂದ ಹೊರಗೆ ಬಂದು ತಲೆಯೆತ್ತಿದರೆ ಎದುರಿಗೆ 3967 ಮೀಟರಿನ ಐಗರ್ ನಿಂತಿರುತ್ತದೆ; ಎಡಗಡೆ 3692 ಮೀಟರಿನ ವೆಟರ್‌ಹಾರ್ನ್ ಊರಿನ ಮೇಲೆಯೇ ಬಾಗಿದಂತೆ ಕಾಣುತ್ತದೆ. ಕಣಿವೆಯ ಒಂದು ಮಗ್ಗುಲು ಬಂಡೆ ಮತ್ತು ಹಿಮ, ಇನ್ನೊಂದು ಮಗ್ಗುಲು ಬಿಸಿಲಿಗೆ ಮೈಯೊಡ್ಡಿದ ಹುಲ್ಲುಗಾವಲು. ಎದುರಿನ ಬಂಡೆಯ ಗೋಡೆಯನ್ನು ದಿನವಿಡೀ ನೋಡುತ್ತ ಈ ಮಗ್ಗುಲಿನ ಹುಲ್ಲಿನಲ್ಲಿ ನಡೆಯಬಹುದು ಎಂಬುದೇ ಆ ಊರಿನ ಭಾಗ್ಯ.

ನಾವು ಮೊದಲು ನಡೆದದ್ದು ಎಲ್ಲಕ್ಕಿಂತ ಸುಲಭವಾದ ದಾರಿ. ಊರಿನಿಂದ ಫಿರ್ಸ್ಟ್ ಎಂಬಲ್ಲಿಗೆ ಕೇಬಲ್ ಕಾರಿನಲ್ಲಿ ಹೋಗಿ, ಅಲ್ಲಿಂದ ಬಾಖಾಲ್ಪ್‌ಸೇ ಎಂಬ ಕೆರೆಗೆ ಸುಮಾರು 3 ಕಿಲೋಮೀಟರ್. ಏರಿಕೆ ನೂರು ಮೀಟರಿನಷ್ಟು ಮಾತ್ರ. ಆ ದಾರಿಯ ಮೊದಲ ತಿರುವಿನಲ್ಲಿ ಒಂದು ಕಂಬವಿದೆ. ಅದಕ್ಕೆ ಬಾಣದ ಆಕಾರದ ಹಳದಿ ಹಲಗೆಗಳನ್ನು ಜಡಿದಿದ್ದಾರೆ. ಒಂದೊಂದೂ ಒಂದೊಂದು ಊರಿನ ಕಡೆಗೆ, ಶಿಖರದ ಕಡೆಗೆ, ಗುಡ್ಡದ ಮೇಲಿನ ಕೊಟ್ಟಿಗೆಯ ಕಡೆಗೆ ಕೈ ಮಾಡುತ್ತದೆ. ಹಲಗೆಯ ಮೇಲೆ ಸ್ಥಳದ ಹೆಸರಿನ ಮುಂದೆ ಬರೆದಿರುವುದು ಕಿಲೋಮೀಟರ್ ಲೆಕ್ಕವಲ್ಲ, ನಡೆಯಲು ಹಿಡಿಯುವ ಹೊತ್ತು. ನಮ್ಮ ಹಳ್ಳಿಗಳಲ್ಲಿ ಹಿಂದೆ ದೂರವನ್ನು ಎರಡು ಎಲೆ ಅಡಿಕೆ ಹಾಕುವಷ್ಟು ದಾರಿ ಎಂದು ಹೇಳುತ್ತಿದ್ದರಲ್ಲ, ಅಂಥ ಲೆಕ್ಕ ಅದು. ಕಂಬದ ಮೇಲ್ಭಾಗದಲ್ಲಿ ಬಿಳಿ ಪಟ್ಟಿಯೊಂದರಲ್ಲಿ ನಾವು ನಿಂತಿರುವ ಜಾಗದ ಹೆಸರೂ ಅದರ ಎತ್ತರವೂ ಇರುತ್ತವೆ. ದಾರಿ ತಪ್ಪಿದೆನೆಂಬ ಭಯ ಆ ಒಂಬತ್ತು ದಿನಗಳಲ್ಲಿ ನನಗೆ ಒಂದು ಸಲವೂ ಬರಲಿಲ್ಲ, ಜರ್ಮನ್ ಭಾಷೆಯ ಒಂದಕ್ಷರ ಬಾರದಿದ್ದರೂ.

ಕೆರೆಯನ್ನು ತಲುಪಿದಾಗ ಬೆಳಿಗ್ಗೆ ಒಂಬತ್ತು ಗಂಟೆ ಇರಬೇಕು. ಅಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಎರಡು ಕೆರೆಗಳಿವೆ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಗಾಳಿ ಏಳದ ಹೊತ್ತು. 2265 ಮೀಟರ್ ಎತ್ತರದ ಆ ನೀರಿನೊಳಗೆ ವೆಟರ್‌ಹಾರ್ನ್, ಶ್ರೆಕ್‌ಹಾರ್ನ್, ಹಿಂದೆ ದೂರದಲ್ಲಿ ಫಿನ್‌ಸ್ಟರಾರ್‌ಹಾರ್ನ್ ಶಿಖರಗಳು ತಲೆಕೆಳಗಾಗಿ ನಿಂತಿದ್ದವು. ದಡದಲ್ಲಿ ಕುಳಿತಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಒಂದು ಹಕ್ಕಿ ಹಾರಿ ರೆಕ್ಕೆ ನೀರಿಗೆ ತಾಗಿದಾಗ ಶ್ರೆಕ್‌ಹಾರ್ನ್ ಒಡೆದು, ನಡುಗಿ, ಮತ್ತೆ ನಿಧಾನವಾಗಿ ಕೂಡಿಕೊಂಡಿತು. ನಮ್ಮ ಯಜಮಾನರು ಮನೆಯಿಂದ ತಂದಿದ್ದ ಚಕ್ಕುಲಿಯ ಡಬ್ಬಿ ತೆಗೆಯಲೂ ಮರೆತು ಕುಳಿತುಬಿಟ್ಟಿದ್ದರು. ಶಕ್ತಿಯಿರುವವರು ಅಲ್ಲಿಂದ ಮುಂದೆ 2681 ಮೀಟರಿನ ಫೌಲ್‌ಹಾರ್ನ್ ಶಿಖರಕ್ಕೆ ಏರುತ್ತಾರೆ. ಅದರ ನೆತ್ತಿಯ ಬಳಿಯ ವಸತಿಗೃಹ ಹತ್ತೊಂಬತ್ತನೇ ಶತಮಾನದ ಮೊದಲರ್ಧದಿಂದಲೂ ನಡಿಗೆಯವರಿಗೆ ಆಶ್ರಯ ಕೊಡುತ್ತಿದೆ. ಇನ್ನೂ ಗಟ್ಟಿಗರು ಶೀನಿಗೆ ಪ್ಲಾಟೆ ಎಂಬಲ್ಲಿಂದ ಹೊರಟು, ಸುಮಾರು 16 ಕಿಲೋಮೀಟರ್ ಬೆಟ್ಟದ ಏಣಿನ ಮೇಲೆಯೇ ನಡೆದು, ಫೌಲ್‌ಹಾರ್ನ್ ದಾಟಿ ಈ ಕೆರೆಯ ಮಾರ್ಗವಾಗಿ ಫಿರ್ಸ್ಟ್‌ಗೆ ಇಳಿಯುತ್ತಾರೆ. ನಮಗೆ ಅಷ್ಟು ಆಗಲಿಲ್ಲ.

ಈ ದಾರಿಗಳು ತಾವಾಗಿ ಉಳಿದುಕೊಂಡಿಲ್ಲ ಎಂಬುದನ್ನು ಓದುಗರು ತಿಳಿಯಬೇಕು. ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ್ದು ಇದೇ ಸಂಗತಿ. ಮೋಟಾರು ರಸ್ತೆಗಳು ಕಣಿವೆಗಳಿಗೂ ಘಟ್ಟಗಳಿಗೂ ಏರತೊಡಗಿದ ಕಾಲದಲ್ಲಿ ನಡೆಯುವವರಿಗೆ ಜಾಗವಿಲ್ಲದಂತಾದಾಗ, ಯೋಹಾನ್ ಯಾಕೋಬ್ ಎಸ್ ಎಂಬ ಶಾಲಾ ಮಾಸ್ತರರು ದೇಶಕ್ಕೆಲ್ಲ ಒಂದೇ ಬಗೆಯ ಹಳದಿ ಗುರುತುಗಳಿರಬೇಕೆಂದು ಪಟ್ಟು ಹಿಡಿದು, 1934ರಲ್ಲಿ ಕಾಲುದಾರಿಗಳ ಸಂಘವೊಂದನ್ನು ಕಟ್ಟಲು ಮುಂದಾದರು. ಒಬ್ಬ ಮೇಷ್ಟ್ರಿಂದ ಶುರುವಾದ ಕೆಲಸವಿದು ಎಂದು ತಿಳಿದಾಗ ನನಗೆ ಆದ ಸಂತೋಷವನ್ನು ಬೇರೆ ಹೇಳಬೇಕಿಲ್ಲ. 1979ರ ಫೆಬ್ರವರಿ 18ರಂದು ಆ ದೇಶದ ಜನ ಮತ ಹಾಕಿ, ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಒಪ್ಪಿ, ಕಾಲುದಾರಿಗಳ ರಕ್ಷಣೆಯನ್ನು ತಮ್ಮ ಸಂವಿಧಾನದಲ್ಲಿಯೇ ಸೇರಿಸಿದರು. ಈಗಿನ ಸಂವಿಧಾನದಲ್ಲಿ ಅದು 88ನೇ ವಿಧಿ. ಅದರ ಆಧಾರದ ಮೇಲೆ ಬಂದ 1985ರ ಕಾನೂನು, ಕಾಲುದಾರಿಯೊಂದನ್ನು ಯಾವುದೇ ಕಾಮಗಾರಿಗಾಗಿ ತೆಗೆಯಬೇಕಾಗಿ ಬಂದರೆ ಅದಕ್ಕೆ ತಕ್ಕ ಬದಲಿ ದಾರಿಯನ್ನು ಒದಗಿಸಬೇಕೆಂದು ಹೇಳುತ್ತದೆ. ಉದ್ದಕ್ಕೂ ಡಾಂಬರು ಹಾಕಿ ಕಾಲಿಗೆ ಒಗ್ಗದಂತೆ ಮಾಡಿದರೂ ಆ ದಾರಿ ಹಾಳಾಯಿತೆಂದೇ ಕಾನೂನಿನ ಲೆಕ್ಕ. ಹೀಗೆ ಕಾಪಾಡಿಕೊಂಡ ದಾರಿಗಳ ಒಟ್ಟು ಉದ್ದ ಆ ಪುಟ್ಟ ದೇಶದಲ್ಲಿ ಸುಮಾರು 65,000 ಕಿಲೋಮೀಟರ್.

ಕಾನೂನಿನ ಮಾತು ಕಾಗದದಲ್ಲಿ ಉಳಿಯದೆ ಮಣ್ಣಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೂ ನೋಡಿದೆ. ಮೂರನೆಯ ದಿನ, ಗ್ರೋಸೆ ಶೈಡೆಗ್ ಎಂಬ 1962 ಮೀಟರ್ ಎತ್ತರದ ಕಣಿವೆಮಾರ್ಗಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಫಿರ್ಸ್ಟ್ ಕಡೆಗೆ ನಡೆಯುತ್ತಿದ್ದಾಗ, ದಾರಿಯ ಪಕ್ಕದಲ್ಲಿ ನಡುವಯಸ್ಸಿನ ಒಬ್ಬರು ಮಂಡಿಯೂರಿ ಗುದ್ದಲಿಯಿಂದ ಏನೋ ಕೆರೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅದು ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ ಹೂತಿದ್ದ ಮರದ ದಿಮ್ಮಿ. ಮಳೆನೀರು ದಾರಿಯ ಮೇಲೆಯೇ ಹರಿದು ಕೊರಕಲು ಬೀಳದಂತೆ ಅದನ್ನು ಪಕ್ಕದ ಇಳಿಜಾರಿಗೆ ತಿರುಗಿಸುವ ಏರ್ಪಾಡು. ದಿಮ್ಮಿಯ ಹಿಂದೆ ತುಂಬಿದ ಮಣ್ಣನ್ನೂ ಕಲ್ಲನ್ನೂ ಅವರು ಬಗೆದು ತೆಗೆಯುತ್ತಿದ್ದರು. ಅಡಿಕೆ ತೋಟದ ಬಸಿಗಾಲುವೆಯನ್ನು ಮಳೆಗಾಲಕ್ಕೆ ಮೊದಲು ಬಿಡಿಸಿಕೊಡುವುದನ್ನು ನೋಡುತ್ತಲೇ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಒಂದೂವರೆ ತಾಸಿನ ದಾರಿಯಲ್ಲಿ ಅಂಥ ದಿಮ್ಮಿಗಳನ್ನು ಎಣಿಸಿದೆ, ಮೂವತ್ತು ದಾಟಿದ ಮೇಲೆ ಬಿಟ್ಟೆ.

ಗ್ರಿಂಡೆಲ್ವಾಲ್ಡ್‌ನಲ್ಲಿ ಇಂಥ ಕಾಳಜಿಗೆ ಸಂವಿಧಾನಕ್ಕಿಂತ ಹಳೆಯ ಬೇರುಗಳಿವೆ. ನಾವು ಆಲ್ಪ್ಸ್ ಎಂದು ಪರ್ವತಗಳನ್ನು ಕರೆಯುತ್ತೇವೆ. ಆ ಊರಿನವರಿಗೆ ಆಲ್ಪ್ ಎಂದರೆ ಬೇಸಿಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲು. ಕಣಿವೆಯಲ್ಲಿ ಚಳಿಗಾಲಕ್ಕೆ ಮೇವು ಬೆಳೆಯುವ ಭೂಮಿ ಯಾರಿಗೆ ಎಷ್ಟಿದೆಯೋ ಅದಕ್ಕೆ ತಕ್ಕಂತೆಯೇ ಬೇಸಿಗೆಯಲ್ಲಿ ಮೇಲಿನ ಹುಲ್ಲಿಗೆ ದನ ಬಿಡಬೇಕೆಂಬ ಕಟ್ಟುಪಾಡನ್ನು ಅವರು 1404ರಲ್ಲಿಯೇ ಬರೆದಿಟ್ಟುಕೊಂಡಿದ್ದಾರೆ. ಅಂಥ ಏಳು ಹುಲ್ಲುಗಾವಲು ಕೂಟಗಳು ಇಂದಿಗೂ ಅಲ್ಲಿವೆ. ನಮ್ಮ ಗೋಮಾಳಗಳಿಗೆ ಏನಾಯಿತೆಂದು ಬಲ್ಲ ಯಾರಿಗಾದರೂ ಇದನ್ನು ಕೇಳಿ ಮನಸ್ಸು ಕಲಕುತ್ತದೆ. ನಡೆಯುವವರು ಹೋಗುವುದು ಈ ಹುಲ್ಲುಗಾವಲುಗಳ ನಡುವೆಯೇ. ಹತ್ತಾರು ಕಡೆ ಬೇಲಿ, ಬೇಲಿಗೊಂದು ದಣಪೆ. ಕೆಲವು ಕಡೆ ಮರದ್ದು, ಕೆಲವು ಕಡೆ ಸಣ್ಣ ವಿದ್ಯುತ್ ಹರಿಯುವ ತಂತಿಗೆ ಪ್ಲಾಸ್ಟಿಕ್ ಹಿಡಿಕೆ ಇರುತ್ತದೆ. ಹಿಡಿಕೆ ಹಿಡಿದು ಬಿಚ್ಚಿ, ದಾಟಿ, ಮತ್ತೆ ಕೊಕ್ಕೆಗೆ ಸಿಕ್ಕಿಸಬೇಕು. ದಣಪೆ ತೆಗೆದವರು ಹಾಕದೆ ಹೋದರೆ ದನ ತಪ್ಪಿಸಿಕೊಳ್ಳುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಪಟ್ಟಣದಲ್ಲಿ ಬೆಳೆದ ನಮ್ಮ ಪ್ರವಾಸಿಗರಿಗೆ ಹೇಳಿಕೊಡಬೇಕಾದೀತು. ಕರುವಿನ ಜೊತೆಗಿರುವ ಹಸುವಿನ ಬಳಿಗೆ ಫೋಟೋಕ್ಕಾಗಿ ಹೋಗಬಾರದು, ಕರುವನ್ನು ಮುಟ್ಟಬಾರದು. ಅವು ದೊಡ್ಡ ಮೈಯ ಹಸುಗಳು, ಕರುವಿಗಾಗಿ ಹಾಯಲು ಹಿಂಜರಿಯುವುದಿಲ್ಲ. ದಾರಿಯ ಪಕ್ಕದಲ್ಲಿ ದಿಮ್ಮಿಯನ್ನು ಕೊರೆದು ದೋಣಿಯಂತೆ ಮಾಡಿದ ತೊಟ್ಟಿಗಳಿವೆ, ಬೆಟ್ಟದ ಒರತೆಯ ನೀರು ಕೊಳವೆಯಿಂದ ಸದಾ ಸುರಿಯುತ್ತಿರುತ್ತದೆ. ಕುಡಿಯಲು ಯೋಗ್ಯವಲ್ಲದ ಕಡೆ ಹಾಗೆಂದು ಬರೆದ ಹಲಗೆ ಇರುತ್ತದೆ.

ಐಗರ್ ಪರ್ವತದ ಉತ್ತರ ಮುಖದ ಕಾಲಡಿಯಲ್ಲಿ ಹೋಗುವ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ತಾವು ಅವಕಾಶ ಕೊಡಬೇಕು. 2020ರ ಡಿಸೆಂಬರಿನಿಂದ ಊರಿನ ಹೊಸ ನಿಲ್ದಾಣದಿಂದ ಐಗರ್‌ಗ್ಲೆಚರ್ ಎಂಬ ಮೇಲಿನ ರೈಲು ನಿಲ್ದಾಣಕ್ಕೆ ಕೇಬಲ್ ಕಾರಿನಲ್ಲಿ ಹದಿನೈದು ನಿಮಿಷದಲ್ಲಿ ಹೋಗಬಹುದು. ನಮ್ಮ ಪ್ರವಾಸಿಗರೆಲ್ಲ ಅಲ್ಲಿ ಇಳಿದು, ಎದುರಿನ ರೈಲು ಹತ್ತಿ, ಸುರಂಗದೊಳಗೆ 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ಹೋಗುತ್ತಾರೆ. ಹದಿನಾರು ವರ್ಷ ಕೊರೆದು 1912ರಲ್ಲಿ ಮುಗಿಸಿದ ಆ ರೈಲುಮಾರ್ಗ ಒಂದು ಅದ್ಭುತವೇ ಸರಿ, ನಾನೂ ಮೊದಲ ಸಲ ಅದರಲ್ಲಿ ಹೋಗಿದ್ದೇನೆ. ಆದರೆ ಅದೇ ನಿಲ್ದಾಣದಿಂದ ಹೊರಗೆ ಬಂದು ಬಲಕ್ಕೋ ಎಡಕ್ಕೋ ಎಂದು ಹಳದಿ ಹಲಗೆಯನ್ನು ಹುಡುಕಿದರೆ, 2320 ಮೀಟರಿನಿಂದ 1616 ಮೀಟರಿನ ಆಲ್ಪಿಗ್ಲೆನ್‌ಗೆ ಇಳಿಯುವ 6 ಕಿಲೋಮೀಟರಿನ ದಾರಿ ಸಿಗುತ್ತದೆ. ಇಲ್ಲಿ ಬಂಡೆಗಳ ಮೇಲೆ ಬಿಳಿ, ಕೆಂಪು, ಬಿಳಿ ಪಟ್ಟೆ ಬಳಿದಿರುತ್ತದೆ. ಇದು ಬೆಟ್ಟದ ದಾರಿ, ಗಟ್ಟಿ ತಳದ ಶೂ ಬೇಕು, ತಲೆ ತಿರುಗುವವರು ಜಾಗ್ರತೆಯಿಂದಿರಬೇಕು ಎಂದು ಅದರ ಅರ್ಥ. ಬಿಳಿ, ನೀಲಿ, ಬಿಳಿ ಪಟ್ಟೆ ಕಂಡರೆ ಹಗ್ಗ ಹಿಡಿದು ಏರಿ ಪಳಗಿದವರಿಗೆ ಮಾತ್ರವೆಂದು ತಿಳಿದು ಹಿಂತಿರುಗಬೇಕು.

ಆ ದಾರಿಯಲ್ಲಿ ನಡೆಯುವಾಗ ಬಲಗೈಯ ಪಕ್ಕದಲ್ಲಿಯೇ ಸುಮಾರು 1800 ಮೀಟರಿನ ಕಪ್ಪು ಗೋಡೆ ಎದ್ದಿರುತ್ತದೆ. ಕುತ್ತಿಗೆ ಎಷ್ಟು ಹಿಂದೆ ಬಾಗಿಸಿದರೂ ತುದಿ ಕಾಣುವುದಿಲ್ಲ. ಮೇಲಿನಿಂದ ಆಗಾಗ ಸಣ್ಣ ಕಲ್ಲುಗಳು ಉರುಳುವ ಸದ್ದು, ಎಲ್ಲಿಂದಲೋ ನೀರು ಜಿನುಗುವ ಸದ್ದು. 1936ರ ಜುಲೈನಲ್ಲಿ ಆ ಗೋಡೆಯನ್ನೇರಲು ಹೋದ ನಾಲ್ವರು ತರುಣರು ತೀರಿಕೊಂಡರು. ಕೊನೆಗುಳಿದ ಟೋನಿ ಕುರ್ಟ್ಸ್ ರಕ್ಷಿಸಲು ಬಂದವರ ಕೈಗೆ ಇನ್ನೇನು ಸಿಗುವಷ್ಟು ಹತ್ತಿರದಲ್ಲಿ ಹಗ್ಗಕ್ಕೆ ನೇತಾಡುತ್ತಲೇ ಪ್ರಾಣಬಿಟ್ಟ. ಎರಡು ವರ್ಷಗಳ ನಂತರ, 1938ರ ಜುಲೈ 24ರಂದು, ಬೇರೆ ನಾಲ್ವರು ಮೊದಲ ಬಾರಿಗೆ ಆ ಮುಖವನ್ನು ಹತ್ತಿದರು. ಇದೇ ಪರ್ವತದ ಇನ್ನೊಂದು ಏಣನ್ನು, ಮಿಟ್ಟೆಲೆಗಿ ಎಂಬುದನ್ನು, 1921ರಲ್ಲಿ ಗ್ರಿಂಡೆಲ್ವಾಲ್ಡ್‌ನ ಮೂವರು ಮಾರ್ಗದರ್ಶಕರ ಜೊತೆ ಮೊದಲು ಏರಿದವನು ಯೂಕೋ ಮಾಕಿ ಎಂಬ ಜಪಾನಿನ ತರುಣ. ಅವನು ಆ ಏಣಿನ ಮೇಲೆ ಒಂದು ತಂಗುಮನೆ ಕಟ್ಟಲೆಂದು 10,000 ಫ್ರಾಂಕ್ ಕೊಟ್ಟ, 1924ರಲ್ಲಿ ಅದು ನಿಂತಿತು. ಆ ಹಳೆಯ ಮರದ ಮನೆಯನ್ನು ಈಗ ಐಗರ್‌ಗ್ಲೆಚರ್ ನಿಲ್ದಾಣದ ಹತ್ತಿರ ತಂದಿಟ್ಟಿದ್ದಾರೆ. ಅಷ್ಟು ದೂರದ ಏಷ್ಯಾದಿಂದ ಬಂದವನೊಬ್ಬ ತನ್ನ ಕಾಲಿನ ಬಲದಿಂದ ಆ ಊರಿನವನಾದ ಕಥೆ ಅದು. ಆಲ್ಪಿಗ್ಲೆನ್‌ಗೆ ಎರಡು ತಾಸು ಎಂದು ಹಲಗೆ ಹೇಳುತ್ತದೆ, ನಮಗೆ ಮೂರೂಕಾಲು ತಾಸು ಹಿಡಿಯಿತು; ನಡುನಡುವೆ ಕೂರುವ ಹೊತ್ತು ಆ ಲೆಕ್ಕದಲ್ಲಿ ಸೇರಿರುವುದಿಲ್ಲವಾದ್ದರಿಂದ ನಮ್ಮ ವಯಸ್ಸಿನವರು ಅರ್ಧದಷ್ಟು ಸೇರಿಸಿಕೊಳ್ಳುವುದು ಒಳ್ಳೆಯದು. ಕೆಳಗೆ ಪುಟ್ಟ ನಿಲ್ದಾಣದಲ್ಲಿ ಹಲ್ಲುಗಾಲಿಯ ರೈಲು ಸಿಗುತ್ತದೆ, ಮಂಡಿ ನೋಯುವವರು ಅದರಲ್ಲಿ ಊರಿಗೆ ಇಳಿಯಬಹುದು.

ಇನ್ನು ಹಿಮನದಿಯ ಮಾತು. ನಾನು ಅಲ್ಲಿಗೆ ಹೋದದ್ದು ಅದನ್ನು ನೋಡಲೆಂದೇ. ಗ್ರಿಂಡೆಲ್ವಾಲ್ಡ್ ತನ್ನನ್ನು ಹಿಮನದಿಯ ಹಳ್ಳಿ ಎಂದು ಕರೆದುಕೊಳ್ಳುತ್ತ ಬಂದ ಊರು. 1850ರ ದಶಕದಲ್ಲಿ ಕೆಳ ಹಿಮನದಿಯ ನಾಲಿಗೆ ಕಣಿವೆಯ ತಳದವರೆಗೆ, ಹೊಲಗಳ ಅಂಚಿನವರೆಗೆ ಚಾಚಿತ್ತು; ಯುರೋಪಿನ ಚಿತ್ರಕಾರರು ಅದನ್ನು ಬರೆಯಲೆಂದು ಬರುತ್ತಿದ್ದರು. ಇಂದು ಅದು ಊರಿನಿಂದ ಕಾಣುವುದೇ ಇಲ್ಲ. ಫಿಂಗ್‌ಸ್ಟೆಗ್ ಎಂಬಲ್ಲಿಂದ ಬೆಟ್ಟದ ಪಕ್ಕೆಯನ್ನು ಹಿಡಿದು ಒಂದೂಕಾಲು ತಾಸು ನಡೆದು ಬೇರೆಗ್ ಎಂಬ ಬೆಟ್ಟದ ಮನೆಗೆ ಹೋದೆವು. ಮುಂಚೆ ಅಲ್ಲಿ ಶ್ಟೀರೆಗ್ ಎಂಬ ಬೇರೊಂದು ಉಪಾಹಾರ ಗೃಹವಿತ್ತಂತೆ. ಹಿಮನದಿ ಕರಗಿ ತಗ್ಗಿದಾಗ ಅದು ಹಿಡಿದಿಟ್ಟಿದ್ದ ಮೊರೇನ್ ದಿಬ್ಬಕ್ಕೆ, ಅಂದರೆ ಹಿಮನದಿಯೇ ತಂದು ಒಟ್ಟಿದ ಕಲ್ಲುಮಣ್ಣಿನ ರಾಶಿಗೆ, ಆಸರೆ ತಪ್ಪಿ, 2005ರಲ್ಲಿ ನೆಲ ಕುಸಿದು ಆ ಮನೆ ಬಿಟ್ಟುಕೊಡಬೇಕಾಯಿತು. ಮರುವರ್ಷದ ಜುಲೈನಲ್ಲಿ ಎದುರಿನ ಐಗರ್‌ನ ಪೂರ್ವ ಪಕ್ಕೆಯಿಂದ ಲಕ್ಷಾಂತರ ಘನ ಮೀಟರ್ ಬಂಡೆ ಜಾರಿ ಬಿತ್ತು. ಕರಗಿದ ನೀರು ಮೇಲೆ ಕೆರೆಯಾಗಿ ನಿಂತು ಒಮ್ಮೆಲೇ ಒಡೆದು ಬರುವ ಅಪಾಯವಿದ್ದುದರಿಂದ ಅದನ್ನು ಹೊರಹರಿಸಲು ಸುಮಾರು 2 ಕಿಲೋಮೀಟರ್ ಸುರಂಗವನ್ನೇ ಕೊರೆದರು.

ಬೇರೆಗ್‌ನ ಕಟ್ಟೆಯ ಮೇಲೆ ಕುಳಿತು ಕೆಳಗೆ ನೋಡಿದೆ. ಬೂದು ಬಣ್ಣದ ಕಲ್ಲುರಾಶಿಯ ಆಳವಾದ ಹೊಂಡ, ಅದರ ಅಂಚಿಗೆ ಕತ್ತಿಯಿಂದ ಕೊಯ್ದಂತೆ ನಿಂತ ಮೊರೇನ್ ಗೋಡೆ, ಹಳೆಯ ಹಿಮ ಎಷ್ಟು ಎತ್ತರದವರೆಗೆ ತುಂಬಿತ್ತೆಂದು ತೋರಿಸುವ ಗೆರೆ. ಹಿಮ ಇದ್ದದ್ದು ಬಹಳ ಹಿಂದೆ, ಮೇಲೆ. ನಾನು ಮಕ್ಕಳಿಗೆ ಕಲಿಸಿದ ಪ್ರತಿಯೊಂದು ಪದವೂ ಅಲ್ಲಿ ಕಣ್ಣೆದುರಿಗಿತ್ತು, ಹಿಮನದಿಯೊಂದನ್ನು ಬಿಟ್ಟು. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಹತ್ತನೇ ಒಂದು ಭಾಗವನ್ನು ಕಳೆದುಕೊಂಡಿವೆ ಎಂದು ಅಲ್ಲಿನ ವಿಜ್ಞಾನಿಗಳ ಅಳತೆ ಹೇಳುತ್ತದೆ. ಆ ಅಂಕಿ ಮೊದಲೇ ಗೊತ್ತಿತ್ತು. ಆ ಹೊಂಡದ ಅಂಚಿನಲ್ಲಿ ಕುಳಿತಾಗ ನನಗೆ ಕಣ್ಣಲ್ಲಿ ನೀರು ಬಂತು. ರೈಲಿನ ಕಿಟಕಿಯಿಂದ ನೋಡುವವರಿಗೆ ಇದು ಕಾಣುವುದಿಲ್ಲ. ಮೇಲೆ ಯುಂಗ್‌ಫ್ರೌಯೋಖ್‌ನಲ್ಲಿ ಎಲ್ಲ ಬೆಳ್ಳಗೆ, ಎಂದಿನಂತೆ ಇರುವ ಹಾಗೆ ತೋರುತ್ತದೆ.

ಹೀಗಾಗಿ ದಾರಿ ಮುಚ್ಚಿದೆ ಎಂಬ ಹಲಗೆ ಕಂಡಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಬಾರದು. 2025ರ ಮೇ 28ರಂದು ಇದೇ ಪರ್ವತಸಾಲಿನ ದಕ್ಷಿಣಕ್ಕಿರುವ ಕಣಿವೆಯಲ್ಲಿ ಹಿಮನದಿಯೂ ಬಂಡೆಯೂ ಒಟ್ಟಿಗೆ ಕುಸಿದು ಬ್ಲಾಟೆನ್ ಎಂಬ ಹಳ್ಳಿಯ ಬಹುಭಾಗ ಮುಚ್ಚಿಹೋಯಿತು. ಊರಿನ ಸುಮಾರು 300 ಜನರನ್ನು ಮುಂಚಿತವಾಗಿ ತೆರವುಗೊಳಿಸಿದ್ದರಿಂದ ಅವರು ಬದುಕಿಕೊಂಡರು. ಸ್ವಿಸ್‌ಟೊಪೊ ಎಂಬ ಅಲ್ಲಿನ ಸರ್ಕಾರಿ ನಕಾಶೆ ಸಂಸ್ಥೆಯ ಆ್ಯಪ್‌ನಲ್ಲಿ ಕಾಲುದಾರಿಗಳೂ, ಮುಚ್ಚಿದ ದಾರಿಗಳೂ ಉಚಿತವಾಗಿ ಸಿಗುತ್ತವೆ. ಬೆಟ್ಟದಲ್ಲಿ ಅಪಾಯವಾದರೆ ಹೆಲಿಕಾಪ್ಟರ್ ರಕ್ಷಣೆಗೆ 1414 ಸಂಖ್ಯೆಗೆ ಕರೆಮಾಡಬೇಕು. ಮಧ್ಯಾಹ್ನದ ಮೇಲೆ ಬೇಸಿಗೆಯಲ್ಲಿ ಗುಡುಗು ಮಳೆ ಬರುವುದು ಸಾಮಾನ್ಯವಾದ್ದರಿಂದ ಬೆಳಿಗ್ಗೆ ಬೇಗ ಹೊರಡುವುದು ಮೇಲು.

ಕಾಲದ ವಿಷಯದಲ್ಲಿಯೂ ನಮ್ಮವರಿಗೆ ಸರಿಯಾದ ಮಾಹಿತಿ ಇಲ್ಲ. ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇ ತಿಂಗಳಿನಲ್ಲಿ ಬರುತ್ತದೆ. ಪ್ರವಾಸ ಸಂಸ್ಥೆಗಳೂ ಆಗಲೇ ಕರೆದೊಯ್ಯುತ್ತವೆ. ಆ ಹೊತ್ತಿನಲ್ಲಿ ಎತ್ತರದ ದಾರಿಗಳ ಮೇಲೆ ಇನ್ನೂ ಹಿಮ ಬಿದ್ದಿರುತ್ತದೆ, ಬಾಖಾಲ್ಪ್‌ಸೇ ಕೆರೆ ಹೆಪ್ಪುಗಟ್ಟಿರುತ್ತದೆ. ಅವು ತೆರೆದುಕೊಳ್ಳುವುದು ಜೂನ್ ಮಧ್ಯದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದವರೆಗೆ. ಮೇ ತಿಂಗಳಿನಲ್ಲಿಯೇ ಹೋಗಬೇಕಾದವರು ಪಕ್ಕದ ಲೌಟರ್‌ಬ್ರುನೆನ್ ಕಣಿವೆಯ ತಳದಲ್ಲಿ ನಡೆಯಬಹುದು. ಅಲ್ಲಿಂದ ಶ್ಟೆಖೆಲ್‌ಬೆರ್ಗ್‌ವರೆಗೆ ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಎರಡೂ ಬದಿ ನೇರ ಬಂಡೆಯ ಗೋಡೆ, ಸುಮಾರು 300 ಮೀಟರ್ ಎತ್ತರದಿಂದ ಗಾಳಿಗೆ ತೂರಿಕೊಂಡು ಬೀಳುವ ಶ್ಟೌಬಾಖ್ ಅಬ್ಬಿ. ಹಿಮ ಕರಗುವ ಕಾಲವಾದ್ದರಿಂದ ಮೇ, ಜೂನ್‌ನಲ್ಲಿ ಅದು ಮೈದುಂಬಿಕೊಂಡಿರುತ್ತದೆ. ಆ ದಾರಿಯಲ್ಲಿ ಮಕ್ಕಳನ್ನು ಕೂರಿಸಿದ ಗಾಡಿ ತಳ್ಳಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಬೇಸಿಗೆಯಲ್ಲಿ ಹೋಗುವ ವಯಸ್ಸಾದವರಿಗೆ ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ಗೆ ಇಳಿಯುವ 4.5 ಕಿಲೋಮೀಟರಿನ ಅಗಲವಾದ ದಾರಿಯನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಐಗರ್, ಮೊಂಕ್, ಯುಂಗ್‌ಫ್ರೌ ಮೂರೂ ಉದ್ದಕ್ಕೂ ಎದುರಿಗಿರುತ್ತವೆ.

ನಮ್ಮವರು ನಡೆಯುವುದಿಲ್ಲ ಎಂಬ ಆ ಮಾತನ್ನು ನಾನು ಒಪ್ಪಲಾರೆ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ದಿನಗಟ್ಟಲೆ ನಡೆದು ಬರುವವರ ನಾಡು ನಮ್ಮದು. ಕುಮಾರ ಪರ್ವತದ ದಾರಿಯಲ್ಲಿ 2024ರ ಜನವರಿಯ ರಜೆಯಲ್ಲಿ ಸಾವಿರಾರು ತರುಣರು ಸಾಲುಗಟ್ಟಿ ನಿಂತ ಚಿತ್ರವನ್ನು ಪತ್ರಿಕೆಗಳೇ ಪ್ರಕಟಿಸಿದ್ದವು. ನಡೆಯುವ ಮನಸ್ಸಿಗೆ ಇಲ್ಲಿ ಕೊರತೆಯಿಲ್ಲ. ಇಂಟರ್‌ಲಾಕೆನ್‌ನಿಂದ ಯುಂಗ್‌ಫ್ರೌಯೋಖ್‌ಗೆ ಹೋಗಿಬರುವ ಪೂರ್ಣ ಟಿಕೆಟ್ಟಿನ ಬೆಲೆ ಒಬ್ಬರಿಗೆ 200 ಫ್ರಾಂಕ್ ದಾಟುತ್ತದೆ. ಅಷ್ಟು ಕೊಟ್ಟ ಕುಟುಂಬಕ್ಕೆ ಮರುದಿನ ಬೆಳಿಗ್ಗೆ ಕಣಿವೆಯಲ್ಲಿ ಮೂರು ತಾಸು ಬಿಡುವು ಕೊಟ್ಟರೆ ಪ್ರವಾಸ ಸಂಸ್ಥೆಗಳಿಗೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಪ್ರಯಾಣಿಕರೇ ಮುಂಗಡ ಕೊಡುವಾಗ ಅದನ್ನು ಕೇಳಿ ಬರೆಸಿಕೊಳ್ಳಬೇಕು. ರಜೆಯ ಪ್ರವಾಸಗಳಿಗೆ ಜನ ಹಣ ಕಟ್ಟುವುದು ಜನವರಿ, ಫೆಬ್ರವರಿಯಲ್ಲಾದ್ದರಿಂದ, ಆ ಹೊತ್ತಿಗೆ ತಮ್ಮ ಪುರವಣಿಯಲ್ಲಿ ಗ್ರಿಂಡೆಲ್ವಾಲ್ಡ್, ಲೌಟರ್‌ಬ್ರುನೆನ್ ಕಣಿವೆಗಳ ಕಾಲುದಾರಿಗಳ ಬಗ್ಗೆ ನಕಾಶೆಯ ಸಮೇತ ಒಂದು ಪುಟ ಕೊಡಬೇಕೆಂದು ವಿನಂತಿಸುತ್ತೇನೆ.

ನಾವು ನಡೆದ ದಾರಿಗಳ ಬಗ್ಗೆ, ಎಲ್ಲಿ ಕೂರಲು ಬೆಂಚು ಇದೆ, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಇಳಿಜಾರು ಮಂಡಿಗೆ ಕಷ್ಟ, ಹಲಗೆಯ ಹೊತ್ತಿಗೂ ನಮ್ಮ ಹೊತ್ತಿಗೂ ಎಷ್ಟು ಅಂತರ ಬಂತು ಎಂಬುದನ್ನೆಲ್ಲ ಪ್ರತಿ ಸಂಜೆ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಪತ್ರಿಕೆಗೆ ಬೇಕೆನಿಸಿದರೆ ಅದನ್ನು ಶುದ್ಧಪ್ರತಿ ಮಾಡಿ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,

ನಿವೃತ್ತ ಶಿಕ್ಷಕಿ,
ತೀರ್ಥಹಳ್ಳಿ